ಓದ್ತಾ ಓದ್ತಾ ಸಿಕ್ಕ ಅಪರೂಪದ ಇಂಗ್ಲಿಷ್ ಶಬ್ದಗಳು: ಯಾವ್ಯಾವು ಸಿಕ್ಕಾವ, ಎಲ್ಲಿ ಬರ್ದಿಡ್ತೀರಿ?

ಯರಿಮಣ್ಣು, ಕಲಬುರಗಿ:

ನಮಸ್ಕಾರ್ರಿ ಎಲ್ಲರಿಗೂ. ಈ ವಿಷ್ಯ ಹಿಂದ ಯಾರರ ತಗದಾರೋ ಏನೋ, ಹುಡುಕಿದ್ರ ನಂಗಂತೂ ಸಿಗ್ಲಿಲ್ಲ, ಅದಕ್ಕ ನಾನೇ ಶುರು ಮಾಡ್ಲಿಕತ್ತೀನಿ. ನನಗೊಂದು ಚಟ ಅದ. ಇಂಗ್ಲಿಷ್ ಪುಸ್ತಕ ಓದುವಾಗ ಗೊತ್ತಿಲ್ಲದ ಶಬ್ದ ಬಂತಂದ್ರ ಅದನ್ನ ಬರ್ದಿಟ್ಕೊಳ್ಳದೆ ಮುಂದಿನ ಸಾಲಿಗಿ ಹೋಗ್ಲಿಕ್ಕಿ ಆಗಂಗೇ ಇಲ್ಲ. ಬ್ಯಾಂಕಿನವ್ರು ಕೊಟ್ಟ ಹಳೇ ಡೈರಿಗಳು ಇದಕ್ಕೇ ಮೀಸಲು, ಇದ್ರಾಗ ಹಾಲಿನ ಲೆಕ್ಕ ಬರೀಬ್ಯಾಡ್ರಿ ಅಂತ ಮನ್ಯಾಗ ಹೇಳಿಟ್ಟೀನಿ, ಆದ್ರೂ ಬರೀತಾರ, ಹಿಂಗಾಗಿ ಒಂದ್ ಪೇಜಿನ್ಯಾಗ ಲ್ಯಾಟಿನ್ ಬೇರು ಅದರ ಕೆಳಗೇ ಅರ್ಧಾ ಲೀಟರ್ ಎಮ್ಮಿ ಹಾಲು.

ಮೊದ್ಲೇ ಒಂದ್ ಮಾತು. ರೀಲ್ಸ್‌ದಾಗ ನೋಡಿದ್ದು, ವಾಟ್ಸಾಪ್‌ದಾಗ ಬಂದ ಪಟ್ಟಿ, ಇಲ್ಲಿ ಹಾಕಬ್ಯಾಡ್ರಿ. ನೀವೇ ಓದುವಾಗ ಎಡವಿದ ಶಬ್ದ ಇರ್ಬೇಕು, ಎಂಥಾ ಪುಸ್ತಕದಾಗ ಸಿಕ್ತು, ಅಲ್ಲಿ ಏನ್ ನಡದಿತ್ತು ಅದನ್ನೂ ಬರೀರಿ. ಪಟ್ಟಿ ನೋಡಿ ಕಲ್ತಿದ್ದು ನಂಗ ಒಂದೂ ನೆನಪುಳದಿಲ್ಲ ನೋಡ್ರಿ.

ನಂದೊಂದು ಇಟ್ಟು ಶುರು ಮಾಡ್ತೀನಿ: ವಿರ್ಗಾ. ವಿಮಾನ ಹಾರ್ಸೋ ಪೈಲಟ್‌ಗಳಿಗಿ ಹವಾಮಾನ ಕಲಿಸೋ ಒಂದು ಪುಸ್ತಕದಾಗ ಸಿಕ್ತು. ಮೋಡದಿಂದ ಮಳಿ ಬೀಳ್ತದ ಖರೆ, ಆದ್ರ ಕೆಳಗಿನ ಗಾಳಿ ಅಷ್ಟು ಒಣ ಇರೋದ್ರಿಂದ ಹನಿ ನಡುವೇ ಆವಿ ಆಗಿ ನೆಲಕ್ಕ ಮುಟ್ಟಂಗೇ ಇಲ್ಲ, ಅದಕ್ಕ ವಿರ್ಗಾ. ಲ್ಯಾಟಿನ್‌ದಾಗ ಕೋಲು, ಟೊಂಗಿ ಅಂತ ಅರ್ಥ. ಮೇ ತಿಂಗಳ್ದಾಗ ಜೇವರ್ಗಿ ಕಡಿ ಹೊಂಟ್ರ ಸಂಜಿಮುಂದ ಮೋಡದ ಕೆಳಗ ಬೂದಿ ಬಣ್ಣದ ಜೋತಾಡೋ ಗೆರಿ ಕಾಣ್ತಾವಲ್ಲ, ಮಂದಿ ಎಲ್ಲಾ ಬಂತು ಬಂತು ಅಂತಾರ, ಬರಂಗಿಲ್ಲ, ಅವೇ ಅವು. ಮ್ಯಾಲಾಗಿ ಆ ಹನಿ ಆವಿ ಆಗುವಾಗ ಅಲ್ಲಿನ ಗಾಳಿ ತಂಪಾಗಿ ಭಾರ ಆಗಿ ದಬಕ್ಕನೆ ಕೆಳಗ ಇಳೀತದಂತ, ಅದಕ್ಕೇ ಮಳಿ ಬದ್ಲಿ ನಮಗ ಧೂಳಿ ಗಾಳಿ. ಪೈಲಟ್‌ಗಳಿಗಿ ಇದು ಡೇಂಜರ್, ಅದಕ್ಕ ಆ ಪುಸ್ತಕದಾಗ ಇತ್ತು.

ಎಕ್ಸಾಂ ಪರದೇಸಿ, ಯಾದಗಿರಿ:

ಅಣ್ಣಾ ಸೂಪರ್ ಟಾಪಿಕ್. ನಾನು ಕಾಂಪಿಟೇಟಿವ್ ಎಕ್ಸಾಂಗೆ ಓದ್ತಾ ಇದ್ದೀನಿ, ನನ್ನ ಲಿಸ್ಟು ದೊಡ್ಡದಿದೆ. ಪೆಟ್ರಿಕೋರ್, ಸೋಂಡರ್, ಅಪ್ರಿಸಿಟಿ, ಸೆರೆಂಡಿಪಿಟಿ, ಆಮೇಲೆ ಶಶಿ ತರೂರ್ ಅವರದ್ದು ಫ್ಲಾಕ್ಸಿನಾಸಿ ಅದೇನೋ ಉದ್ದಂದು ಪೂರ್ತಿ ಟೈಪ್ ಮಾಡಕ್ಕಾಗಲ್ಲ 😅

ಯರಿಮಣ್ಣು, ಕಲಬುರಗಿ:

ತಮ್ಮಾ ಮ್ಯಾಲ ಏನ್ ಬರ್ದೀನಿ ಓದ್ದ್ಯೋ ಇಲ್ಲೋ 🙏

ರಿಟೈರ್ಡ್ ಮಾಸ್ತರ, ಹುಮನಾಬಾದ:

ಇರ್ಲಿ ಬಿಡ್ರಿ, ಹುಡುಗ ಹಾಕ್ಯಾನ. ಆದ್ರ ಇವೆಲ್ಲಾ ಒಂದೇ ಜಾತಿ ಶಬ್ದ ಅಲ್ಲ ಅನ್ನೋದು ಅವ್ನಿಗಿ ಗೊತ್ತಾಗ್ಬೇಕು. ಪೆಟ್ರಿಕೋರ್ ಅಂದ್ರ ಒಣ ನೆಲಕ್ಕ ಮಳಿ ಬಿದ್ದಾಗ ಬರೋ ಮಣ್ಣಿನ ವಾಸನಿ, ಶಬ್ದ ಹಳೇದೇನಲ್ಲ. 1964ರಾಗ ಆಸ್ಟ್ರೇಲಿಯಾದ ಇಸಾಬೆಲ್ ಬೇರ್ ಮತ್ತ ರಿಚರ್ಡ್ ಥಾಮಸ್ ಅನ್ನೋ ವಿಜ್ಞಾನಿಗಳು ನೇಚರ್ ಪತ್ರಿಕ್ಯಾಗ ಒಂದು ಲೇಖನ ಬರ್ದು ಈ ಹೆಸ್ರು ಇಟ್ರು, ಅದ್ರಾಗ ನಮ್ಮ ಕನೌಜದ ಮಣ್ಣಿನ ಅತ್ತರಿನ ಮಾತೂ ಬರ್ತದ. ಅಪ್ರಿಸಿಟಿ ಇದಕ್ಕ ಉಲ್ಟಾ. 1623ರಾಗ ಹೆನ್ರಿ ಕಾಕರಮ್ ಅನ್ನಾವ ತನ್ನ ಡಿಕ್ಷನರ್ಯಾಗ ಹಾಕ್ದ, ಚಳಿಗಾಲದ ಬಿಸಲಿನ ಬೆಚ್ಚಗಿ ಅಂತ ಅರ್ಥ ಕೊಟ್ಟ, ಮುಂದ ಅದನ್ನ ಮಾತಿನ್ಯಾಗ ಬಳಸಿದವ್ರೇ ಕಡಿಮಿ. ಡಿಕ್ಷನರ್ಯಾಗ ಹುಟ್ಟಿ ಡಿಕ್ಷನರ್ಯಾಗೇ ಮಲಗಿತ್ತು, ಈಗ ಇನ್‌ಸ್ಟಾಗ್ರಾಂದವ್ರು ಎಬ್ಬಿಸ್ಯಾರ. ಬೀದರ ಜಿಲ್ಲಾದಾಗ ಡಿಸೆಂಬರಿನ್ಯಾಗ ಮುಂಜಾನಿ ಕಟ್ಟಿ ಮ್ಯಾಲ ಕುಂತು ಬಿಸಲ ಕಾಸ್ಕೊಳ್ಳೋ ಮುದುಕರಿಗಿ ಈ ಶಬ್ದ ಕೊಟ್ರ ಅವ್ರು ಏನ್ ಮಾಡ್ತಾರ ನಂಗೊತ್ತಿಲ್ಲ.

ಸೋಂಡರ್ ಅಂದ್ರ ದಾರ್ಯಾಗ ಹೋಗೋ ಪ್ರತಿಯೊಬ್ಬರಿಗೂ ನಮ್ಮಂಗೇ ಒಂದು ತುಂಬು ಬದುಕು ಅದ ಅಂತ ಹೊಳೆಯೋದು, ಅದಂತೂ ಜಾನ್ ಕೋನಿಗ್ ಅನ್ನೋ ಅಮೆರಿಕದವ್ರು 2012ರ ಸುಮಾರಿಗಿ ತಾವೇ ಕಟ್ಟಿದ್ದು. ತಪ್ಪೇನಿಲ್ಲ, ಛಲೋ ಶಬ್ದನೇ, ಆದ್ರ ಅದನ್ನ ಪುರಾತನ ಶಬ್ದ ಅಂತ ಹಂಚ್ತಾರಲ್ಲ ಅದಕ್ಕ ನಂಗ ಸಿಟ್ಟು.

ಬೆಂಗ್ಳೂರಾಗಿನ ಶಹಾಪುರ:

ಮಾಸ್ತರ್ ಸರ, ಡಿಕ್ಷನರಿನೂ ಪೂರಾ ನಂಬಂಗಿಲ್ರಿ. ಡಾರ್ಡ್ ಕಥಿ ಕೇಳೀರೇನು? 1934ರ ವೆಬ್‌ಸ್ಟರ್ ದೊಡ್ಡ ಡಿಕ್ಷನರ್ಯಾಗ ಡಾರ್ಡ್ ಅಂದ್ರ ಸಾಂದ್ರತೆ ಅಂತ ಅಚ್ಚಾಗಿತ್ತು. ಆಗಿದ್ದೇನಂದ್ರ ಕೆಮಿಸ್ಟ್ರಿ ನೋಡ್ಕೊಳ್ಳೋ ಸಂಪಾದಕ ಒಂದು ಚೀಟ್ಯಾಗ ದೊಡ್ಡ ಡಿ ಇಲ್ಲಾ ಸಣ್ಣ ಡಿ ಸಾಂದ್ರತೆಗೆ ಸಂಕ್ಷಿಪ್ತ ಅಂತ ಬರ್ದಿದ್ದ, ನಡುವಿನ ‘ಇಲ್ಲಾ’ಕ್ಕ ಇರೋ ಇಂಗ್ಲಿಷ್ ‘ಆರ್’ ಆಕಡಿ ಈಕಡಿ ಡಿ ಜೋಡಿ ಅಂಟ್ಕೊಂಡು ಡಾರ್ಡ್ ಅಂತ ಒಂದೇ ಶಬ್ದ ಆಗಿ ಕುಂತುಬಿಡ್ತು. 1939ರ ತನಕ ಯಾರೂ ನೋಡಿರ್ಲಿಲ್ಲ. ಈ ಶಬ್ದಕ್ಕ ಬೇರು ಯಾಕ ಕೊಟ್ಟಿಲ್ಲ ಅಂತ ಯಾರೋ ಸಂಪಾದಕ ತಲಿ ಕೆರ್ಕೊಂಡಾಗ ಸಿಕ್ಕಿಬಿತ್ತು.

ಬೇಕಂತಲೇ ಸುಳ್ಳು ಹಾಕೋದೂ ಅದ. 1975ರ ಒಂದು ಅಮೆರಿಕನ್ ವಿಶ್ವಕೋಶದಾಗ ಮೌಂಟ್‌ವೀಜಲ್ ಅಂತ ಇಲ್ಲದ ಹೆಂಗಸಿನ ಜೀವನ ಚರಿತ್ರೆನೇ ಬರ್ದಿದ್ರು, ಬ್ಯಾರೆದವ್ರು ಕಾಪಿ ಹೊಡದ್ರ ಗೊತ್ತಾಗ್ಲಿ ಅಂತ. ಈಗ ಅಂಥ ಕಳ್ಳ ಎಂಟ್ರಿಗಳಿಗಿ ಮೌಂಟ್‌ವೀಜಲ್ ಅಂತಲೇ ಹೆಸ್ರು. ನಾನು ಡೈರ್ಯಾಗ ಇವಕ್ಕಂತಲೇ ಒಂದು ಪೇಜು ಇಟ್ಟೀನಿ.

ಬಿದರಿ ಕುಸುರಿ, ಬೀದರ:

ನಾನು ಜಾಸ್ತಿ ಓದೋನಲ್ಲ ಆದ್ರೆ ಈ ಥ್ರೆಡ್ ನೋಡಿ ಬರೀಬೇಕನಿಸ್ತು. ನಮ್ಮ ಮನೇಲಿ ಬಿದರಿ ಕೆಲಸ, ನಾನು ಅಕೌಂಟ್ಸ್ ಕಡೆ ಹೋದೆ ಅದು ಬೇರೆ ಮಾತು. ಹೈದರಾಬಾದಿಗೆ ಹೋದಾಗ ಆಬಿಡ್ಸಿನಲ್ಲಿ ಭಾನುವಾರ ರಸ್ತೆ ಬದೀಲಿ ಹಳೇ ಪುಸ್ತಕ ಹಾಕ್ತಾರಲ್ಲ, ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರದ ಬಗ್ಗೆ ಒಂದು ಪುಸ್ತಕ ತಗೊಂಡೆ, ಹೊದಿಕೆ ಹರಿದಿತ್ತು ಅಗ್ಗಕ್ಕೆ ಕೊಟ್ಟ. ಅದರಲ್ಲಿ ಹಡಗಿನ ಸರಕಿನ ಪಟ್ಟೀಲಿ ಪದೇ ಪದೇ ಟೂಟನ್ಯಾಗ್ ಟೂಟನ್ಯಾಗ್ ಅಂತ ಬರ್ತಿತ್ತು, ನಾನು ಯಾವುದೋ ಮಸಾಲೆ ಇರಬೇಕು ಅಂದ್ಕೊಂಡು ಓದ್ತಾ ಹೋದೆ. ನೋಡಿದ್ರೆ ಅದು ಸತು! ಜಿಂಕ್ ಅನ್ನೋ ಹೆಸರು ಎಲ್ಲಾ ಕಡೆ ರೂಢಿಗೆ ಬರೋ ಮುಂಚೆ ಪೂರ್ವದ ವ್ಯಾಪಾರದಲ್ಲಿ ಸತುವಿಗೆ ಟೂಟನ್ಯಾಗ್ ಅಂತಿದ್ರು, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಬಂದಿದ್ದು.

ಬಿದರಿ ಅಂದ್ರೆ ಮುಖ್ಯವಾಗಿ ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಅಂದ್ರೆ ನಮ್ಮ ಮನೆ ಹಿಂದೆ ಮೂಸೇಲಿ ಕರಗೋದು ಅದೇ ಟೂಟನ್ಯಾಗ್. ಅವತ್ತಿಂದ ಚಿಕ್ಕಪ್ಪನಿಗೆ ಟೂಟನ್ಯಾಗ್ ರೇಟ್ ಏನಾಯ್ತು ಕಾಕಾ ಅಂತ ಕೇಳಿದ್ರೆ ಅವರು ನನಗೆ ಹುಚ್ಚು ಹಿಡಿದಿದೆ ಅಂತಾರೆ.

ಸುರಪುರದ ಸೊಸಿ:

ಯಪ್ಪಾ ಎಷ್ಟು ಛಂದ ಅದ! ಅಣ್ಣಾರೆ ಟುಟ್ಟಿ ಅಂತ ಇನ್ನೊಂದು ಶಬ್ದ ಇಂಗ್ಲಿಷಿನ್ಯಾಗ ಅದ ನೋಡ್ರಿ, ಸತುವಿನ ಭಟ್ಟಿಯೊಳಗ ಕೂಡೋ ಪುಡಿಗಿ ಹಂಗಂತಾರ, ಅರಬ್ಬಿಯ ತೂತಿಯಾದಿಂದ ಬಂದದ್ದು, ಅದರ ಹಿಂದ ಸಂಸ್ಕೃತದ ತುತ್ಥ ಇರಬಹುದು ಅಂತ ನಿಘಂಟಿನವ್ರು. ನಮ್ಮ ಮೈಲುತುತ್ತದಾಗಿನ ತುತ್ತನೂ ಆ ತುತ್ಥನೇ.

ಬಿದರಿ ಕುಸುರಿ, ಬೀದರ:

ಅಕ್ಕಾ ಮೈಲುತುತ್ತ ನಮಗೆ ದಿನಾ ಬೇಕು! ಕೆತ್ತೋಕೆ ಮುಂಚೆ ಸಾಮಾನಿಗೆ ಅದನ್ನ ಬಳಿದು ಕಪ್ಪು ಮಾಡ್ಕೋತಾರೆ, ಗೆರೆ ಕಾಣಬೇಕಲ್ಲ. ಕೊನೇಗೆ ಖಾಯಂ ಕಪ್ಪಿಗೆ ಕೋಟೆ ಮಣ್ಣು ಮತ್ತೆ ನೌಸಾದರ್. ಆ ನೌಸಾದರಕ್ಕೆ ಇಂಗ್ಲಿಷಲ್ಲಿ ಸಾಲ್ ಅಮೋನಿಯಾಕ್ ಅಂತಾರೆ, ಅದೂ ನನ್ನ ಲಿಸ್ಟಲ್ಲಿದೆ. ಆಮನ್ ದೇವರ ಉಪ್ಪು ಅಂತ ಅರ್ಥ, ಈಜಿಪ್ಟಿನ ಆ ಕಡೆ ಮರುಭೂಮೀಲಿ ಆ ದೇವರ ಗುಡಿ ಇತ್ತು. ಅಮೋನಿಯಾ ಅನ್ನೋ ಹೆಸರು ಅಲ್ಲಿಂದಲೇ. ಬೀದರ ಕೋಟೆ ಮಣ್ಣಿಗೆ ಈಜಿಪ್ಟ್ ದೇವರ ಉಪ್ಪು, ಕಾರಖಾನೆಗೆ ಬಂದ ಟೂರಿಸ್ಟಿಗೆ ಯಾರೂ ಇದನ್ನ ಹೇಳಲ್ಲ.

ಜ್ವಾಳದ ರೊಟ್ಟಿ, ಸೇಡಂ:

ಎಲ್ಲಾ ಛಲೋ ನಡದದ, ನಡುವ ಬಂದು ಕಲ್ಲು ಒಗೀತೀನಿ, ಬೇಜಾರಾಗಬ್ಯಾಡ್ರಿ. ಇಂಗ್ಲಿಷಿನವ್ರೇ ಬಿಟ್ಟ ಶಬ್ದಗಳನ್ನ ನಾವು ಯಾಕ ಆರಿಸ್ಕೊಂಡು ಕುಂತೀವಿ? ನಮ್ಮ ಹೊಲದಾಗಿನ ಶಬ್ದ ದಿನಾ ಒಂದೊಂದು ಹೊಂಟಾವ. ನನ್ನ ಮಗನಿಗಿ ರಾಶಿ ಅಂದ್ರ ಜ್ಯೋತಿಷ್ಯದ್ದೇ ಗೊತ್ತು. ಮಿಷನ್ ಬಂದು ಕಣ ಹೋಯ್ತು, ಕಣದ ಜೋಡಿ ಎಷ್ಟೋ ಮಾತೂ ಹೋದ್ವು. ಅವನ್ನ ಬರ್ದಿಡೋ ಡೈರಿ ಯಾರ ಮನ್ಯಾಗ ಅದ ಹೇಳ್ರಿ.

ಯರಿಮಣ್ಣು, ಕಲಬುರಗಿ:

ನಿಮ್ಮ ಮಾತು ಖರೆ ಅದ ಅಣ್ಣಾ, ಆದ್ರ ನನ್ನ ಅನುಭವ ಬ್ಯಾರೆ ಹೇಳ್ತದ. ಇಂಗ್ಲಂಡಿನ ಹಳ್ಳಿ ಬದುಕಿನ ಒಂದು ಕಾದಂಬರ್ಯಾಗ ಗ್ಲೀನಿಂಗ್ ಅಂತ ಸಿಕ್ತು. ಕೊಯ್ಲಾದ ಮ್ಯಾಲ ಬಡವರ ಹೆಣ್ಮಕ್ಕಳು ಹೊಲಕ್ಕ ಹೋಗಿ ಉದುರಿದ ತೆನಿ ಆರಿಸ್ಕೊಳ್ಳೋದು. ಇದಕ್ಕ ಕನ್ನಡದಾಗ ಏನಂತಾರ ಅಂತ ತಲಿ ಕೆಡಿಸ್ಕೊಂಡು ಅವ್ವಗ ಕೇಳ್ದೆ, ಅಕಿ ಥಟ್ಟಂತ ಹಕ್ಕಲ ಆಯೋದು ಅಂದ್ಲು. ಹಕ್ಕಲು ಅನ್ನೋ ಶಬ್ದ ನಮ್ಮ ಮನ್ಯಾಗೇ ಇತ್ತು, ನಾ ಕೇಳೇ ಇರ್ಲಿಲ್ಲ. ಇಂಗ್ಲಿಷ್ ಶಬ್ದ ಸಿಗದಿದ್ರ ಕೇಳ್ತಾನೂ ಇರ್ಲಿಲ್ಲ. ಹಿಂಗೇ ರಿಕ್ ಅಂದ್ರ ಬಣವಿ, ರಟೂನ್ ಅಂದ್ರ ಕೂಳೆ ಕಬ್ಬು, ಅದು ಸ್ಪ್ಯಾನಿಷ್‌ದಿಂದ ಬಂದದ್ದು, ಮತ್ತ ಚಿಗಿಯೋದು ಅಂತ. ಆಳಂದದ ಕಡಿ ಕಬ್ಬು ಹಚ್ಚೋ ನನ್ನ ಮಾವನವ್ರಿಗಿ ಕೂಳೆ ಬಗ್ಗಿ ಕೇಳಿದ್ರ ಅರ್ಧಾ ತಾಸು ಮಾತಾಡಿದ್ರು, ಇಷ್ಟ್ ವರ್ಷದಾಗ ನಾವಿಬ್ಬರು ಅಷ್ಟು ಮಾತಾಡಿದ್ದೇ ಇಲ್ಲ.

ಈಗ ನನ್ನ ಡೈರ್ಯಾಗ ಎಡಕ್ಕ ಇಂಗ್ಲಿಷ್, ಬಲಕ್ಕ ಅವ್ವ ಹೇಳಿದ್ದು. ಬಲಗಡಿ ಖಾಲಿ ಉಳದ್ರ ಅದು ನಮ್ಮ ಕಡಿ ಇಲ್ಲದ ವಸ್ತು, ಇಲ್ಲಾ ಇನ್ನೂ ಸರಿಯಾದ ಮಂದಿಗಿ ಕೇಳಿಲ್ಲ ಅಂತ ತಿಳ್ಕೊತೀನಿ.

ಜ್ವಾಳದ ರೊಟ್ಟಿ, ಸೇಡಂ:

ಹಂಗಾದ್ರ ಸರಿ. ಆದ್ರ ಬಲಗಡಿದೂ ಹಾಕ್ರಿ ಇಲ್ಲಿ, ಬರೇ ಎಡಗಡಿದು ಹಾಕಬ್ಯಾಡ್ರಿ.

ಸಿವಿಲ್ ಪರಸಿ, ಶಹಾಬಾದ:

ನಾನು ಸೈಟ್ ಇಂಜಿನಿಯರ್. ನನ್ನ ಶಬ್ದಗಳೆಲ್ಲ ಕಟ್ಟಡದವೇ. ಕಲಬುರಗಿ ಕಿಲ್ಲಾದಾಗ ಜಾಮಾ ಮಸೀದಿ ಅದಲ್ಲ, 1367ರದ್ದು, ಅಂಗಳನೇ ಇಲ್ಲದೆ ಪೂರಾ ಗುಮ್ಮಟದಿಂದ ಮುಚ್ಚಿದ್ದು, ಅದರ ಬಗ್ಗೆ ಒಂದು ಹಳೇ ವಾಸ್ತುಶಿಲ್ಪದ ಪುಸ್ತಕ ಓದುವಾಗ ಸ್ಕ್ವಿಂಚ್ ಅಂತ ಸಿಕ್ತು. ಚೌಕ ಗೋಡಿ ಮ್ಯಾಲ ಗುಂಡನ ಗುಮ್ಮಟ ಕೂಡ್ಸಬೇಕಾದ್ರ ನಾಕೂ ಮೂಲಿ ಖಾಲಿ ಉಳೀತಾವ, ಆ ಮೂಲಿಗಿ ಅಡ್ಡ ಒಂದು ಸಣ್ಣ ಕಮಾನು ಕಟ್ಟಿ ಚೌಕನ್ನ ಎಂಟು ಮೂಲಿ ಮಾಡ್ತಾರ, ಆಮ್ಯಾಲ ಗುಮ್ಮಟ ಸಲೀಸಾಗಿ ಕೂಡ್ತದ. ಅದೇ ಸ್ಕ್ವಿಂಚ್. ಎಷ್ಟೋ ಸಲ ಹೋಗೀನಿ, ಶಬ್ದ ಗೊತ್ತಾದ ಮ್ಯಾಲ ಹೋದಾಗಲೇ ಮೂಲಿ ಕಡಿ ತಲಿ ಎತ್ತಿ ನೋಡ್ದೆ.

ಇನ್ನೊಂದು ಲ್ಯಾಟರೈಟ್. ಇದೇನ್ ಅಪರೂಪ, ಸ್ಕೂಲಿನ್ಯಾಗೇ ಅದ ಅಂತೀರಿ, ಆದ್ರ ಇದು ಹುಟ್ಟಿದ್ದು ನಮ್ಮ ದಕ್ಷಿಣದಾಗ. ಫ್ರಾನ್ಸಿಸ್ ಬುಕಾನನ್ ಅನ್ನೋ ಈಸ್ಟ್ ಇಂಡಿಯಾ ಕಂಪನಿ ಡಾಕ್ಟರ್ ಮೈಸೂರು, ಕೆನರಾ, ಮಲಬಾರ್ ತಿರುಗಿ 1807ರಾಗ ಪುಸ್ತಕ ಮಾಡ್ದ. ಮಲಬಾರದಾಗ ಕೆಂಪು ಕಲ್ಲನ್ನ ಹಸಿ ಇದ್ದಾಗಲೇ ಕಬ್ಬಿಣದ ಹತ್ಯಾರದಿಂದ ಇಟ್ಟಂಗಿ ಆಕಾರಕ್ಕ ಕಡೀತಿದ್ರು, ಗಾಳಿಗಿ ಬಂದ ಮ್ಯಾಲ ಗಟ್ಟಿ ಆಗ್ತದ, ಅದನ್ನ ನೋಡಿ ಲ್ಯಾಟಿನ್‌ದಾಗ ಇಟ್ಟಂಗಿಗಿ ಇರೋ ಲೇಟರ್ ಅನ್ನೋ ಶಬ್ದದಿಂದ ಹೆಸ್ರು ಇಟ್ಟ. ಬೀದರ ಊರು ಕುಂತಿದ್ದೇ ಅದರ ಮ್ಯಾಲ. ನೌಬಾದದ ಕರೇಜ್, ಅಂದ್ರ ನೆಲದೊಳಗಿನ ನೀರಿನ ಸುರಂಗ, ತೋಡಿದ್ದೂ ಅದ್ರಾಗೇ, ಮ್ಯಾಲಿನ ಕೆಂಪು ಕಲ್ಲು ನೀರು ಕುಡೀತದ, ತಳದ ಕರಿ ಕಲ್ಲು ಕೆಳಗ ಬಿಡಂಗಿಲ್ಲ, ನಡುವ ನೀರು ಹರೀತದ. ಕರೇಜ್ ಅನ್ನೋದೂ ಈಗ ಇಂಗ್ಲಿಷ್ ಡಿಕ್ಷನರ್ಯಾಗ ಅದ, ಪಾರ್ಸಿಯಿಂದ ಹೋಗ್ಯದ.

ಸುರಪುರದ ಸೊಸಿ:

ನಂದೂ ಕಲ್ಲಿಂದೇ ಶಬ್ದ, ಇರ್ರಿ. ಸುರಪುರದಾಗ ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಅದ ಎಲ್ಲರಿಗೂ ಗೊತ್ತು. ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ ನಿಜಾಮರ ನೌಕರಿ ಮೇಲೆ 1840ರ ದಶಕದಾಗ ಬಂದು, ರಾಜಾ ವೆಂಕಟಪ್ಪ ನಾಯಕರು ಇನ್ನೂ ಸಣ್ಣ ಹುಡುಗ ಇದ್ದ ಕಾಲಕ್ಕ ಸಂಸ್ಥಾನ ನೋಡ್ಕೊಂಡಾವ. ಮದ್ವಿ ಆಗಿ ಬಂದ ಹೊಸದಾಗಿ ಮಾವನವ್ರು ಅವನ ಆತ್ಮಚರಿತ್ರೆ ನನ್ನ ಕೈಗಿ ಕೊಟ್ಟು ನಮ್ಮೂರು ತಿಳ್ಕೊಬೇಕಂದ್ರ ಓದವ್ವ ಅಂದ್ರು. ಓದ್ದೆ, ಅಲ್ಲಿಂದ ಅವ ಬರ್ದ ಬ್ಯಾರೆ ಲೇಖನಕ್ಕ ಹೋದೆ. ನಮ್ಮ ಸುತ್ತಮುತ್ತ, ರಾಜನಕೋಳೂರ ಕಡಿ, ಹಳೇ ಕಾಲದ ಕಲ್ಲಿನ ಗೋರಿಗಳು ಅವ ನೋಡ್ರಿ, ನಾಕು ದಿಕ್ಕಿಗಿ ಚಪ್ಪಡಿ ನಿಲ್ಸಿ ಮ್ಯಾಲೊಂದು ಮುಚ್ಚಿದ್ದು, ಅವನ್ನ ಅವ ಕಿಸ್ಟ್‌ವೇನ್ ಅಂತ ಬರೀತಾನ. ಆ ಶಬ್ದ ನಾ ಎಲ್ಲೂ ನೋಡಿರ್ಲಿಲ್ಲ. ವೇಲ್ಸ್ ಸೀಮಿ ಭಾಷೆದು, ಕಲ್ಲಿನ ಪೆಟ್ಟಿಗಿ ಅಂತ. ಇಂಗ್ಲಂಡಿನ ಡಾರ್ಟ್‌ಮೂರ್ ಅನ್ನೋ ಜಾಗಾದಾಗ ಇಂಥವೇ ಅವಂತ, ಅಲ್ಲಿನ ಹೆಸರು ತಂದು ಇಲ್ಲಿಗಿ ಹಚ್ಚ್ಯಾನ. ಅವೂ ಇವೂ ಒಂದೇ ಮೂಲದ ಮಂದಿವು ಇರಬೇಕು ಅಂತ ಅವನ ಲೆಕ್ಕ, ಅದನ್ನ ಈಗಿನ ಪುರಾತತ್ವದವ್ರು ಒಪ್ಪಂಗಿಲ್ಲ, ಆದ್ರ ತೋಡಿ, ಅಳ್ದು, ಚಿತ್ರ ಬರ್ದು ಇಟ್ಟಿದ್ದು ಮಾತ್ರ ಪಕ್ಕಾ ಕೆಲಸ.

ಥಗ್ ಅನ್ನೋದು ಇಂಗ್ಲಿಷ್ ಓದುಗರಿಗಿ ಮನಿಮಾತಾಗಿದ್ದು 1839ರ ಅವನ ಕಾದಂಬರಿಂದಲೇ ಜಾಸ್ತಿ. ಸುರಪುರಕ್ಕ ಬರೋದಕ್ಕ ಮೊದ್ಲೇ ಬರ್ದದ್ದು ಅದು. ನಮ್ಮ ಠಕ್ಕನೂ ಅದೇ ಮನಿತನ. ಬಲಗಡಿ ಕಾಲಂ ತುಂಬ್ತಲ್ಲ ಯರಿಮಣ್ಣು ಅಣ್ಣಾ?

ಯರಿಮಣ್ಣು, ಕಲಬುರಗಿ:

ತುಂಬ್ತು ತುಂಬ್ತು ಅಕ್ಕಾ. ಕಿಸ್ಟ್‌ವೇನಿಗಿ ಆ ಊರಿನ ಮಂದಿ ಏನಂತಾರ ಅದನ್ನ ಜರಾ ಕೇಳಿ ಹಾಕ್ರಿ.

ಎಕ್ಸಾಂ ಪರದೇಸಿ, ಯಾದಗಿರಿ:

ಓಕೆ ಈಗ ರೂಲ್ ಪ್ರಕಾರ ಒಂದು. ನಿಜವಾಗ್ಲೂ ಓದ್ತಾ ಸಿಕ್ಕಿದ್ದು, ಪೇಪರಿನ ಎಡಿಟೋರಿಯಲ್‌ನಲ್ಲಿ: ಫರಾಗೋ. 2017ರಲ್ಲಿ ತರೂರ್ ಟ್ವೀಟ್ ಮಾಡಿದ ಮೇಲೆ ಎಲ್ಲರೂ ಬಳಸ್ತಾ ಇದ್ರು, ನಾನು ಡಿಕ್ಷನರಿ ನೋಡಿದ್ರೆ ಕಲಸುಮೇಲೋಗರ ಅಂತ ಇತ್ತು ಅಷ್ಟೇ ಅಂತ ಬಿಟ್ಟೆ. ಮೊನ್ನೆ ಬೇರು ನೋಡಿದೆ, ಲ್ಯಾಟಿನ್‌ನಲ್ಲಿ ದನಕ್ಕೆ ಹಾಕೋ ಬೆರಕೆ ಮೇವಂತೆ! ನಮ್ಮಪ್ಪ ದಿನಾ ಸಾಯಂಕಾಲ ಮಾಡೋ ಕೆಲಸ, ಕಣಕಿ ತೊಗರಿ ಹೊಟ್ಟು ಹಿಂಡಿ ಎಲ್ಲಾ ಕಲೆಸಿ ಹಾಕೋದು, ಅದೇ ಫರಾಗೋ. ಇನ್ಮೇಲೆ ಮರೆಯಲ್ಲ.

ರಿಟೈರ್ಡ್ ಮಾಸ್ತರ, ಹುಮನಾಬಾದ:

ಶಾಬ್ಬಾಸ್. ಈಗ ಬಂದಿ ನೋಡು ದಾರಿಗಿ.

ಬರ್ದಿಡೋದು ಹೆಂಗ ಅಂತ ಕೇಳಿದ್ರಲ್ಲ, ಅದಕ್ಕ ಆಕ್ಸ್‌ಫರ್ಡ್ ಡಿಕ್ಷನರಿ ಮಾಡಿದವ್ರ ಪದ್ಧತಿಗಿಂತ ಛಲೋದು ನಾ ನೋಡಿಲ್ಲ. ಜೇಮ್ಸ್ ಮರ್ರೆ 1879ರಾಗ ಸಂಪಾದಕ ಆದ ಕೂಡ್ಲೆ ಇಂಗ್ಲಿಷ್ ಓದೋ ಮಂದಿಗೆಲ್ಲ ಒಂದು ಮನವಿ ಅಚ್ಚು ಹಾಕ್ಸಿ ಹಂಚ್ದ. ನೀವು ಓದುವಾಗ ಅಪರೂಪ ಅನ್ಸಿದ, ಹಳೇದನ್ಸಿದ, ಹೊಸದನ್ಸಿದ, ವಿಚಿತ್ರ ಅನ್ಸಿದ ಶಬ್ದ ಒಂದು ಚೀಟ್ಯಾಗ ಬರ್ದು ಕಳಸ್ರಿ ಅಂತ. ಚೀಟಿ ಮ್ಯಾಲ ಶಬ್ದ, ಕೆಳಗ ವರ್ಷ, ಬರ್ದವ್ರ ಹೆಸರು, ಪುಸ್ತಕ, ಪುಟ, ಅದರ ಕೆಳಗ ಪೂರಾ ವಾಕ್ಯ. ಅರ್ಥ ಬರೀಬೇಕು ಅಂತ ಕೇಳಿರ್ಲಿಲ್ಲ ನೋಡ್ರಿ, ವಾಕ್ಯ ಕೇಳಿದ್ದ. ಮೂಟಿಗಟ್ಲೆ ಬಂದ್ವು. ಅದ್ರಾಗ ವಿಲಿಯಂ ಮೈನರ್ ಅಂತ ಒಬ್ಬ, ಅಮೆರಿಕದ ಸೈನ್ಯದ ಡಾಕ್ಟರ್, ತಲಿ ಸರಿ ಇಲ್ಲದೆ 1872ರಾಗ ಲಂಡನ್ನಿನ್ಯಾಗ ಒಬ್ಬನ್ನ ಕೊಂದು ಬ್ರಾಡ್‌ಮೂರ್ ಆಸ್ಪತ್ರ್ಯಾಗ ಬಂದಿ ಆಗಿದ್ದ, ಅಲ್ಲಿಂದಲೇ ಸಾವಿರಾರು ಚೀಟಿ ಕಳ್ಸ್ದ. ಅವನ ಪದ್ಧತಿ ಇನ್ನೂ ಹುಷಾರಿದು. ಪುಸ್ತಕ ಓದ್ತಾ ತನಗ ಬೇಕಾದ ಶಬ್ದ ಯಾವ ಪುಟದಾಗ ಅದ ಅಂತ ಅಕ್ಷರ ಕ್ರಮದಾಗ ಪಟ್ಟಿ ಮಾಡಿಟ್ಕೊತಿದ್ದ, ಆಫೀಸಿನವ್ರು ಇಂಥಾ ಶಬ್ದ ಬೇಕು ಅಂದಾಗ ತಗದು ಕಳಿಸ್ತಿದ್ದ. ಮೊದಲ ಕಂತು 1884ಕ್ಕ ಬಂತು, ಮುಗ್ಯೋದು 1928 ಆಯ್ತು, ಮರ್ರೆ 1915ರಾಗೇ ತೀರ್ಕೊಂಡಿದ್ದ.

ಇದ್ರಾಗ ಒಂದು ಮಾತು ನಮ್ಮಂಥವ್ರಿಗಿ ತಟ್ಟೋದು. ಕಳಸೋ ಮಂದಿ ಎಲ್ಲಾ ವಿಚಿತ್ರ ಶಬ್ದಾನೇ ಹುಡುಕಿ ಹುಡುಕಿ ಕಳ್ಸಿ, ದಿನಬಳಕಿ ಶಬ್ದ ಬಿಟ್ಟೇಬಿಟ್ಟಿದ್ರು. ಅಬ್ಯೂಷನ್ ಅನ್ನೋ ಸತ್ತ ಶಬ್ದಕ್ಕ ಸುಮಾರು 50 ಚೀಟಿ, ಎಲ್ಲರೂ ಬಳಸೋ ಅಬ್ಯೂಸ್‌ಗೆ 5 ಸೈತ ಇರ್ಲಿಲ್ಲ ಅಂತ ಮರ್ರೆ ಗೊಣಗ್ಯಾನ. ಹಂಗಾಗಿ ಅವ್ರೇ ಕುಂತು ಸಾದಾ ಶಬ್ದ ಹುಡುಕಬೇಕಾಯ್ತು.

ಬೆಂಗ್ಳೂರಾಗಿನ ಶಹಾಪುರ:

ಮಾಸ್ತರ್ ಸರ ಈ ಕೊನಿ ಮಾತಿಗಿ ನಾ ಪೂರಾ ಒಪ್ಪಂಗಿಲ್ಲ. ಸಾದಾ ಶಬ್ದ ಡಿಕ್ಷನರಿಗಿ ಬೇಕು, ನಮಗ್ಯಾಕ ಬೇಕು, ನಾವೇನು ಡಿಕ್ಷನರಿ ಮಾಡ್ಲಿಕತ್ತೀವೇನು? ಖುಷಿಗಿ ಮಾಡೋದು. ನಾನು ಕಿಂಡಲ್‌ದಾಗ ಓದ್ತೀನಿ, ಶಬ್ದದ ಮ್ಯಾಲ ಬೆರಳು ಒತ್ತಿ ಹಿಡದ್ರ ಅರ್ಥ ಬರ್ತದ, ಹಂಗ ನೋಡಿದ ಶಬ್ದ ಎಲ್ಲಾ ಆ ವಾಕ್ಯದ ಸಮೇತ ತಾನೇ ಸೇವ್ ಆಗ್ತಾವ, ವೊಕಾಬ್ಯುಲರಿ ಬಿಲ್ಡರ್ ಅಂತ ಅದ. ಮರ್ರೆ ಚೀಟಿ ಪುಕ್ಕಟ ಬಂದಂಗಾಯ್ತು. ಆದ್ರ ಖರೆ ಹೇಳ್ಬೇಕಂದ್ರ ತಾನೇ ಸೇವ್ ಆದದ್ದನ್ನ ನಾ ಹೊಳ್ಳಿ ನೋಡೋದು ಕಡಿಮಿನೇ.

ದಾದಿ ಅಕ್ಕ, ಬಸವಕಲ್ಯಾಣ:

ನಾನು ಮಿಠಾಯಿ ಡಬ್ಬಿ ಪದ್ಧತಿ. ಲೈಟ್ನರ್ ಅಂತ ಜರ್ಮನ್ ಬರಹಗಾರ 1972ರಾಗ ಹೇಳಿಕೊಟ್ಟಿದ್ದು, ಸಣ್ಣ ಕಾರ್ಡಿನ ಒಂದು ಕಡಿ ಶಬ್ದ ಇನ್ನೊಂದು ಕಡಿ ಅರ್ಥ, ಡಬ್ಬ್ಯಾಗ ಖಾನೆ ಮಾಡೋದು, ನೆನಪಿದ್ರ ಮುಂದಿನ ಖಾನಿಗಿ ಹೋಗ್ತದ, ಅದನ್ನ ನೋಡೋದು ಅಪರೂಪಕ್ಕ, ಮರೆತ್ರ ಮೊದಲಿನ ಖಾನಿಗಿ ವಾಪಸ್ಸು. ನೈಟ್ ಡ್ಯೂಟಿದಾಗ ಪೇಷಂಟ್ ಎಲ್ಲಾ ಮಲಗಿದಾಗ ತಗದು ನೋಡ್ತೀನಿ. ನನ್ನ ಡಬ್ಬ್ಯಾಗ ಜಾಸ್ತಿ ಮೈ ಕೈ ಶಬ್ದ. ಎರಡು ಹುಬ್ಬಿನ ನಡುವ ಕುಂಕುಮ ಹಚ್ಚೋ ಜಾಗಾಕ್ಕ ಗ್ಲಾಬೆಲಾ, ಮೂಗಿನ ಕೆಳಗ ತುಟಿ ಮ್ಯಾಲಿನ ತಗ್ಗಿಗಿ ಫಿಲ್ಟ್ರಮ್. ಈ ಫಿಲ್ಟ್ರಮ್ ಗ್ರೀಕ್‌ದಾಗ ವಶೀಕರಣದ ಮದ್ದಂತ ನೋಡ್ರಿ. ಬಲಗಡಿಗಿ ಏನ್ ಬರೀಲಿ? ಆ ತಗ್ಗಿಗಿ ಕನ್ನಡದಾಗ ಏನಂತಾರ ಯಾರರ ಹೇಳ್ರಿ.

ಜ್ವಾಳದ ರೊಟ್ಟಿ, ಸೇಡಂ:

ಮೂಗಿನ ಕೆಳಗಿನ ತಗ್ಗು ಅಂತೀವಿ ಅಕ್ಕಾ 😀 ಸುಂಬಳ ಇಳಿಯೋ ದಾರಿ ಅಂತ ಬೈಬೇಕಾದ್ರ ಅಂತೀವಿ.

ಸುರಪುರದ ಸೊಸಿ:

😂😂 ಬಲಗಡಿ ಬರೀರಿ ಅದನ್ನೇ.

ಹಾಬ್ಸನ್ ಜಾಬ್ಸನ್ ಬಗ್ಗಿ ಯಾರೂ ಯಾಕ ಮಾತೇ ಎತ್ತಿಲ್ಲ ಅಂತ ಆಶ್ಚರ್ಯ ಆಗ್ತದ. ಹೆನ್ರಿ ಯೂಲ್ ಮತ್ತ ಬರ್ನೆಲ್ ಸೇರಿ ಮಾಡಿದ್ದು, 1886. ಹಿಂದುಸ್ತಾನದಾಗಿದ್ದ ಇಂಗ್ಲಿಷರ ಬಾಯಾಗ ಓಡಾಡಿದ ನಮ್ಮ ಶಬ್ದಗಳ ಡಿಕ್ಷನರಿ. ಬರ್ನೆಲ್ ಮದ್ರಾಸ್ ಕಡಿ ಜಡ್ಜ್ ಆಗಿದ್ದವ, ಪುಸ್ತಕ ಬರೋದ್ರಾಗ ತೀರ್ಕೊಂಡ. ಇಂಟರ್ನೆಟ್ ಆರ್ಕೈವ್‌ದಾಗ ಪುಕ್ಕಟ ಅದ. ಬಿದರಿ ಅಂತಲೇ ಒಂದು ಎಂಟ್ರಿ ಅದ ಕುಸುರಿ ಅಣ್ಣಾರೆ. ಹೂನ್ ಅಂತ ಅದ, ಬಂಗಾರದ ನಾಣ್ಯ, ಕನ್ನಡದ ಹೊನ್ನುವಿನಿಂದ ಬಂದಿರಬಹುದು ಅಂತ ಬರ್ದಾರ. ಜೋಳ ಅದ, ತೊಗರಿ ಬ್ಯಾಳಿನೂ ದಾಲ್ ಅಂತ ಬರ್ತದ.

ಆದ್ರ ಹೆಸರಿನ ಕಥಿನೇ ನಮ್ಮದು. ಮೊಹರಂ ಮೆರವಣಿಗ್ಯಾಗ ಯಾ ಹಸನ್ ಯಾ ಹುಸೇನ್ ಅಂತ ಎದಿ ಬಡ್ಕೊಂಡು ಕೂಗೋದು ಗೋರಾ ಸಿಪಾಯಿಗಳ ಕಿವಿಗಿ ಹಾಬ್ಸನ್ ಜಾಬ್ಸನ್ ಅಂತ ಕೇಳಸ್ತು, ಅದನ್ನೇ ಪುಸ್ತಕದ ಹೆಸರು ಮಾಡಿದ್ರು. ನಮ್ಮ ಊರಾಗ ಅಲಾಯಿ ಕುಣಿ ತೋಡೋದ್ರಿಂದ ಹಿಡದು ದೇವರು ಹೊರೋ ತನಕ ಎಲ್ಲಾ ಜಾತಿಯವ್ರೂ ಇರ್ತಾರ, ಹುಡುಗ್ರು ಕೂಗೋದೂ ಹಸೇನಿ ಹುಸೇನಿ ಆಗಿ ಏನೇನೋ ಆಗಿರ್ತದ. ಹಾಬ್ಸನ್ ಜಾಬ್ಸನ್ ಅಂತ ನಗೋ ಹಕ್ಕು ನಮಗಿಲ್ಲ.

ಸಿವಿಲ್ ಪರಸಿ, ಶಹಾಬಾದ:

ಅದೇ ಪುಸ್ತಕದಾಗ ಬಂಬೂ ನೋಡ್ರಿ ಅಕ್ಕಾ. ಕನ್ನಡದಿಂದ ಹೋದ ಶಬ್ದ ಅದು! ಇಂಗ್ಲಿಷಿಗಿ ನಮ್ಮ ಕಾಣಿಕಿ.

ರಿಟೈರ್ಡ್ ಮಾಸ್ತರ, ಹುಮನಾಬಾದ:

ಅಲ್ಲಿ ಕನ್ನಡದ ಹೆಸರು ಬರ್ತದ ಖರೆ, ಆದ್ರ ತೀರ್ಮಾನ ಕೊಟ್ಟಿಲ್ಲ. ಮಲಯ ಭಾಷೆಯ ಬಂಬು ಅಂತ ಹೇಳೋರು ಈಗ ಜಾಸ್ತಿ. ಮಲಯಕ್ಕ ಎಲ್ಲಿಂದ ಬಂತು ಅಂದ್ರ ಮತ್ತ ಜಗಳ. ನಮ್ಮ ಕಡಿ ಬಿದಿರು ಅಂತೀವಿ, ಬೊಂಬು ಅಂತೀವಿ. ಅಭಿಮಾನಕ್ಕ ಬೇರು ಬದಲಿಸಬಾರ್ದು.

ಸಿವಿಲ್ ಪರಸಿ, ಶಹಾಬಾದ:

ಸರ ನೀವು ಏನೇ ಹೇಳ್ರಿ, ಸೈಟಿನ್ಯಾಗ ಬೊಂಬು ಕಟ್ಟೋನು ನಾನು.

ಬೆಂಗ್ಳೂರಾಗಿನ ಶಹಾಪುರ:

ಇದಕ್ಕೂ ಒಂದು ಶಬ್ದ ಅದ ನನ್ನ ಹತ್ರ, ಅಲ್ಟ್ರಾಕ್ರೆಪಿಡೇರಿಯನ್, ತನಗ ಗೊತ್ತಿಲ್ಲದ್ರಾಗ ಬಾಯಿ ಹಾಕಾವ ಅಂತ 😄 ಹ್ಯಾಜ್ಲಿಟ್ ಅನ್ನೋ ಲೇಖಕ 1819ರಾಗ ಒಬ್ಬ ಟೀಕಾಕಾರನ್ನ ಬಯ್ಲಿಕ್ಕಿ ಬಳಸಿದ್ದು. ಗ್ರೀಕ್ ಚಿತ್ರಕಾರ ಅಪೆಲೀಸ್ ಬರ್ದ ಚಿತ್ರದಾಗ ಚಪ್ಲಿ ತಪ್ಪದ ಅಂತ ಒಬ್ಬ ಚಪ್ಲಿ ಹೊಲಿಯೋನು ಹೇಳ್ದ, ಅವ ತಿದ್ದಿದ, ಮರುದಿನ ಬಂದು ಕಾಲೂ ಸರಿ ಇಲ್ಲ ಅಂದ, ಆಗ ನೀ ಚಪ್ಲಿ ಬಿಟ್ಟು ಮ್ಯಾಲ ಬರಬ್ಯಾಡ ಅಂದನಂತ. ಪ್ಲಿನಿ ಬರ್ದಿಟ್ಟ ಕಥಿ. ನಂಗ ಮಾತ್ರ ಆ ಚಪ್ಲಿ ಹೊಲಿಯೋನ ಪರವೇ ಮಾತಾಡ್ಬೇಕನಸ್ತದ, ಕಾಲಿನ ಬಗ್ಗಿ ಅವ್ನಿಗಿ ಗೊತ್ತಿಲ್ದೆ ಮತ್ಯಾರಿಗಿ ಗೊತ್ತಿರ್ತದ?

ಬಿದರಿ ಕುಸುರಿ, ಬೀದರ:

ಅಕ್ಕಾ ಬಿದರಿ ಎಂಟ್ರಿ ನೋಡಿದೆ. ಹುಕ್ಕಾದ ತಳ, ಗುಲಾಬ್‌ದಾನಿ ಮಾಡ್ತಾರೆ ಅಂತ ಇದೆ. ಮನೇಲಿ ಓದಿ ಹೇಳಿದ್ದಕ್ಕೆ ಚಿಕ್ಕಪ್ಪ ಈಗ ಹುಕ್ಕಾ ಯಾರೂ ಕೇಳಲ್ಲ ಪೆನ್‌ಡ್ರೈವ್ ಮೇಲೆ ಮಾಡಿಕೊಡ್ತೀವಿ ಅಂತ ಬರೀ ಅಂದ್ರು. ಮೂಸೆಗೆ, ತಂತಿ ಕೂಡಿಸೋ ಉಳಿಗಳಿಗೆ ಅವರು ಒಂದೊಂದಕ್ಕೂ ಬೇರೆ ಬೇರೆ ಹೆಸರು ಹೇಳ್ತಾರೆ, ಅರ್ಧ ಉರ್ದು ಅರ್ಧ ಏನೋ. ಭಾನುವಾರ ಕೂತು ಬರ್ಕೊಳ್ತೀನಿ. ಅವಕ್ಕೆ ಇಂಗ್ಲಿಷಲ್ಲಿ ಏನಂತಾರೆ ಅನ್ನೋದು ಆಮೇಲೆ ನೋಡಿದ್ರಾಯ್ತು.

ಯರಿಮಣ್ಣು, ಕಲಬುರಗಿ:

ಉಳಿಗಳ ಫೋಟೋನೂ ಹಾಕ್ರಿ ಕುಸುರಿ ಅವ್ರೆ, ಒಂದೊಂದರ ಪಕ್ಕ ಹೆಸರು ಬರ್ದು.